ಕಸವೆಂದು ಗುಡಿಸಿದ ಮೊದಲ ಚೀಲ

ಎರಡು ವಸ್ತುಗಳನ್ನು ಪಕ್ಕಪಕ್ಕ ಇಟ್ಟು ನೋಡದೆ ನನಗೆ ಸಮಾಧಾನವಿಲ್ಲ. ಬಳ್ಳಾರಿಯ ತರಕಾರಿ ಮಾರುಕಟ್ಟೆಯಲ್ಲಿ ಬದನೆಕಾಯಿ ಕೊಳ್ಳುವಾಗಲೂ ಎರಡು ಕೈಯಲ್ಲಿ ಎರಡು ಕಾಯಿ ಹಿಡಿದು ನಿಂತುಬಿಡುತ್ತೇನೆ. "ಅವೆರಡಕ್ಕೂ ಮದುವಿ ಮಾಡ್ತಿಯೇನವ್ವಾ? ತಗೊಂಡು ನಡಿ" ಎಂದು ಮಾರುವಾಕೆ ಗದರುತ್ತಾಳೆ. ನನ್ನ ಗಂಡ ಒಂದೇ ಸಂಗತಿಯನ್ನು ಬೆಳಿಗ್ಗೆ ಒಂದು ಬಗೆ, ಸಂಜೆ ಇನ್ನೊಂದು ಬಗೆ ಹೇಳಿದರೆ, ಎರಡರ ನಡುವಿನ ವ್ಯತ್ಯಾಸವನ್ನು ಊಟಕ್ಕೆ ಕೂತಾಗ ಅನ್ನದ ಜೊತೆಗೇ ಬಡಿಸುತ್ತೇನೆ. ಈ ಕೆಟ್ಟ ಚಾಳಿಗೆ ಸಂಬಳ ಕೊಡುವವರೂ ಇದ್ದಾರೆಂದು ತಿಳಿದದ್ದು ಭತ್ತದ ಗೋದಾಮಿನ ಕಚೇರಿಯಲ್ಲಿ ಕಂಪ್ಯೂಟರ್ ಕೆಲಸಕ್ಕೆ ಸೇರಿದ ಮೇಲೆ.

ನಮ್ಮ ಸಾಹುಕಾರರಿಗೆ ಮೂರು ಗೋದಾಮುಗಳಿವೆ. ಒಂದು ಬಳ್ಳಾರಿಯಲ್ಲಿ, ಒಂದು ಕುರುಗೋಡಿನಲ್ಲಿ, ಇನ್ನೊಂದು ಸಿರುಗುಪ್ಪದಲ್ಲಿ. ರೈತರು ತಂದ ಭತ್ತದ ಚೀಲಗಳನ್ನು ತೂಗಿ, ಒಂದೊಂದು ಚೀಲಕ್ಕೂ ನಂಬರು ಕೊಟ್ಟು, ಕಂಪ್ಯೂಟರಿಗೆ ಏರಿಸಿ, ಒಳಗೆ ಪೇರಿಸಿ ಇಡುವುದು ನಮ್ಮ ಕಸುಬು. ಕಂಪ್ಯೂಟರ್ ಎಂದೆನಲ್ಲ, ಅದರಲ್ಲೂ ಮೂರು ದಾರಿ. ಬಳ್ಳಾರಿಯಲ್ಲಿ ಹೊಸ ವಿಂಡೋಸ್ ಯಂತ್ರಗಳು. ಸಿರುಗುಪ್ಪದ ಹಳೆಯ ಯಂತ್ರ ದಿನಕ್ಕೆರಡು ಸಲ ಮುನಿಸಿಕೊಂಡು ಮಲಗುತ್ತಿತ್ತೆಂದು ರಿಪೇರಿಯವನೊಬ್ಬ ಅದಕ್ಕೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಟ್ಟಿದ್ದ. ಅಂದಿನಿಂದ ಅದು ಎತ್ತಿನ ಹಾಗೆ ದುಡಿಯುತ್ತಿತ್ತು. ಕುರುಗೋಡಿನಲ್ಲಿ ಕಂಪ್ಯೂಟರೇ ಇಲ್ಲ. ಇದ್ದದ್ದರ ವೈರನ್ನು ಇಲಿಗಳು ಎರಡು ಸಲ ತಿಂದುಹಾಕಿದ ಮೇಲೆ ಅಲ್ಲಿನವರು ಎಲ್ಲವನ್ನೂ ಫೋನಿನಲ್ಲೇ ಬರೆಯತೊಡಗಿದ್ದರು.

ಹೋದ ವರ್ಷ ಸುಗ್ಗಿಗೆ ಮೊದಲು ಸಾಹುಕಾರರು ನನ್ನನ್ನು ಕರೆದರು. "ನೋಡವ್ವಾ, ಮೂರೂ ಗೋದಾಮಿಂದು ಒಂದ ಹಾಳ್ಯಾಗ ಬರಬೇಕು. ವರದಿ ತೆಗಿಯೋ ಸಾಫ್ಟ್‌ವೇರ್ ಒಂದು ಆರಿಸು. ಕಂಪ್ಯೂಟರಿನ್ಯಾಗೂ ನಡೀಬೇಕು, ಫೋನಿನ್ಯಾಗೂ ನಡೀಬೇಕು. ಕನ್ನಡದಾಗ ಇರಬೇಕು. ರೈತನ ಕೈಯಾಗ ಕೊಟ್ರ ಅಂವ ಓದಬೇಕು" ಎಂದರು. ನನಗೆ ಹಬ್ಬವೇ ಆಯಿತು. ಹೋಲಿಸಿ ಆರಿಸುವ ಕೆಲಸ, ಅದೂ ಸಾಹುಕಾರರ ಅಪ್ಪಣೆಯ ಮೇಲೆ! ಆವತ್ತು ಮನೆಗೆ ಹೋಗುವಾಗ ಆಟೋದವನೊಡನೆ ಚೌಕಾಸಿ ಕೂಡ ಮಾಡಲಿಲ್ಲ.

ಮೂರು ಸಾಫ್ಟ್‌ವೇರುಗಳನ್ನು ಪರೀಕ್ಷೆಗೆ ತಂದುಕೊಂಡೆ. ಅವುಗಳ ನಿಜವಾದ ಹೆಸರು ಬಾಯಿಗೆ ಹೊಂದಲಿಲ್ಲ, ನಾನೇ ಹೆಸರಿಟ್ಟೆ. ಮೊದಲನೆಯದು ಮದುಮಗಳು. ಬಣ್ಣವೇನು, ಗುಂಡನೆಯ ಚಿತ್ರಗಳೇನು, ಒತ್ತಿದಲ್ಲೆಲ್ಲ ಜರುಗಿ ಬರುವ ಪರದೆಗಳೇನು! ಆದರೆ ವಿಂಡೋಸ್ ಬಿಟ್ಟು ಹೊಸ್ತಿಲು ದಾಟುತ್ತಿರಲಿಲ್ಲ, ಸಾಲದ್ದಕ್ಕೆ 'ಸಿರುಗುಪ್ಪ' ಎಂದು ಬರೆದರೆ ಕೊನೆಯ ಒತ್ತನ್ನು ಕಿತ್ತು ಪಕ್ಕದಲ್ಲಿ ಕೂರಿಸುತ್ತಿತ್ತು. ಎರಡನೆಯದು ಓಟಗಾರ. ಫೋನಿನಲ್ಲೂ ಕಂಪ್ಯೂಟರಿನಲ್ಲೂ ಕಣ್ಣು ಮುಚ್ಚಿ ತೆರೆಯುವುದರಲ್ಲಿ ವರದಿ ತಯಾರು. ಮೂರನೆಯದು ಹಟಮಾರಿ. ಬಣ್ಣವಿಲ್ಲ, ಬೆಡಗಿಲ್ಲ, ಗೋಣಿಚೀಲದ ಹಾಗೆ ಬೂದು ಬೂದು. ಎಲ್ಲ ಯಂತ್ರಗಳಲ್ಲೂ ತೆರೆದುಕೊಳ್ಳುತ್ತಿತ್ತು, ಕನ್ನಡವನ್ನು ಒಂದಿಷ್ಟೂ ಮುಕ್ಕಾಗಿಸದೆ ತೋರಿಸುತ್ತಿತ್ತು. ಆದರೆ ತನಗೆ ತಿಳಿಯದ ಒಂದು ಸಾಲು ಎದುರಾದರೆ ಸಾಕು, 'ಇದೇನೆಂದು ಹೇಳಿ, ಆಮೇಲೆ ಮುಂದೆ ಹೋಗುತ್ತೇನೆ' ಎಂದು ಅಲ್ಲೇ ಕೂತುಬಿಡುತ್ತಿತ್ತು.

ಆರಿಸುವುದಕ್ಕೆ ಮೊದಲು ಪರೀಕ್ಷೆಗೆ ಸರಿಯಾದ ಮಾಹಿತಿ ಬೇಕಲ್ಲ. ನಮ್ಮ ಪ್ರತಿ ಗೋದಾಮಿನಲ್ಲೂ ಎರಡು ಪಟ್ಟಿಗಳಿರುತ್ತವೆ. ಗೇಟಿನವನು ಲಾರಿಯ ಚೀಟಿ ನೋಡಿ ಲೋಡಿನಲ್ಲಿ ಒಟ್ಟು ಎಷ್ಟು ಚೀಲ ಎಂದು ಬರೆಯುತ್ತಾನೆ. ಒಳಗೆ ತಕ್ಕಡಿಯ ಬಳಿ ಕೂತವರು ಒಂದೊಂದು ಚೀಲವನ್ನೂ ಒಂದೊಂದು ಸಾಲಾಗಿ ಬರೆಯುತ್ತಾರೆ. ಎರಡನ್ನೂ ಡೇಟಾಬೇಸಿನಿಂದ ಹೊರತೆಗೆದು ಕಡತ ಮಾಡಿಕೊಳ್ಳುವುದಕ್ಕೆ ಎಕ್ಸ್‌ಪೋರ್ಟ್ ಎನ್ನುತ್ತೇವೆ. ಗೇಟಿನ ಎಕ್ಸ್‌ಪೋರ್ಟಿನ ಒಟ್ಟೂ ತಕ್ಕಡಿಯ ಎಕ್ಸ್‌ಪೋರ್ಟಿನ ಸಾಲುಗಳೂ ಲೋಡಿಗೆ ಲೋಡು ಒಂದೇ ಆಗಬೇಕು. ಬಳ್ಳಾರಿಯದು ಆಯಿತು. ಕುರುಗೋಡಿನದೂ ಆಯಿತು. ಸಿರುಗುಪ್ಪದ ಕಡತ ಹಾಕಿದೊಡನೆ ಹಟಮಾರಿ ಸಾಲಿನ ಸಂಖ್ಯೆಯನ್ನಷ್ಟೇ ತೋರಿಸಿ ಎರಡನೆಯ ಸಾಲಿಗೇ ಕೂತುಬಿಟ್ಟಿತು.

ಕಡತ ತೆರೆದು ನೋಡಿದೆ. ಅದರಲ್ಲಿ ಅಂಕಿಗಳು ನೆಟ್ಟಗಿದ್ದವು, ಕನ್ನಡ ಇದ್ದಲ್ಲೆಲ್ಲ ನನ್ನ ಯಂತ್ರದಲ್ಲಿ ಚಿತ್ರವಿಚಿತ್ರ ಗುರುತುಗಳು ಕಾಣುತ್ತಿದ್ದವು. ಲಿನಕ್ಸಿನಿಂದ ಬಂದ ಕಡತಕ್ಕೆ ವಿಂಡೋಸಿನಲ್ಲಿ ಈ ರೋಗ ಬರುವುದು ನನಗೆ ಗೊತ್ತಿದ್ದದ್ದೇ. ಪ್ರತಿ ಲೋಡಿನ ಮೇಲೆ ಅಂಥ ಒಂದೆರಡು ಸಾಲು, ಕೆಳಗೆ ಒಂದು ಸಾಲು. ಮೇಲಿನವು ತಲೆಬರಹ, ಕೆಳಗಿನದು 'ಒಟ್ಟು' ಎಂಬ ಸಾಲು ಎಂದು ನನ್ನಷ್ಟಕ್ಕೆ ನಾನೇ ತೀರ್ಮಾನಿಸಿದೆ. ಚೀಲದ ನಂಬರಿನ ಜಾಗದಲ್ಲಿ ಅಂಕಿ ಇಲ್ಲದ ಸಾಲನ್ನೆಲ್ಲ ಕಸವೆಂದು ಗುಡಿಸಿ ಹಾಕು ಎಂದು ಒಂದು ನಿಯಮ ಬರೆದೆ. ನನಗೇ ಪಾಠ ಹೇಳುವ ಸಾಫ್ಟ್‌ವೇರು ಬೇಡವೆಂದು ಹಟಮಾರಿಯನ್ನು ಮೂಲೆಗೆ ತಳ್ಳಿ, ಗುಡಿಸಿದ ಕಡತವನ್ನು ಓಟಗಾರನಿಗೆ ಕೊಟ್ಟೆ. ಅವನು ನಿಮಿಷದೊಳಗೆ ವರದಿ ಉಗುಳಿದ. ಸಿರುಗುಪ್ಪದ ಪ್ರತಿ ಲೋಡಿನಲ್ಲೂ ಒಂದು ಚೀಲ ಕಡಿಮೆ.

ಒಂದು ಲೋಡಲ್ಲ, ಎರಡಲ್ಲ, ಪ್ರತಿ ಲೋಡಿನಲ್ಲೂ ಸರಿಯಾಗಿ ಒಂದೇ ಚೀಲ. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಸಂತೋಷವಾಯಿತು. ವ್ಯತ್ಯಾಸ ಸಿಕ್ಕಿತಲ್ಲ! ಸಿರುಗುಪ್ಪದ ತಕ್ಕಡಿಯ ಬಳಿ ಕೂರುವಾಕೆಯನ್ನು ನಾವೆಲ್ಲ ಅಕ್ಕ ಎನ್ನುತ್ತೇವೆ. ಕೈಯಲ್ಲಿ ಪುಸ್ತಕಕ್ಕೆ ಬರೆಯುತ್ತಿದ್ದ ಕಾಲದಿಂದಲೂ ಆ ಜಾಗದಲ್ಲಿರುವವಳು, ಮಕ್ಕಳ ಮದುವೆಯಾದ ಮೇಲೆ ಕೂತು ಕಂಪ್ಯೂಟರಿನಲ್ಲಿ ಕನ್ನಡ ಟೈಪಿಂಗ್ ಕಲಿತವಳು. ಅದೆಲ್ಲ ಗೊತ್ತಿದ್ದೂ ನಾನು ಒಂದು ಫೋನ್ ಮಾಡಿ ಕೇಳಲಿಲ್ಲ. 'ಪ್ರತಿ ಲೋಡಿಗೆ ಒಂದು ಚೀಲ ಕಾಣೆ. ಸಿರುಗುಪ್ಪದ ನಮೂದುಗಳನ್ನು ನಂಬುವಂತಿಲ್ಲ' ಎಂದು ಸಾಹುಕಾರರಿಗೂ ಮೂರೂ ಗೋದಾಮುಗಳಿಗೂ ಮೇಲ್ ಕಳಿಸಿ, ಚಹಾ ತರಿಸಿ ಕುಡಿದೆ.

ಸಾಹುಕಾರರು ಮೇಲನ್ನು ಎರಡು ಸಲ ಓದಿದರು. "ಆಕಿ ಚೀಲ ಮುಟ್ಟಾಕಿ ಅಲ್ಲ. ಆದ್ರ ಕಣ್ಣು ಮಂದ ಆಗಿರಬೇಕು" ಎಂದರು. ಮುಂದಿನ ತಿಂಗಳಿಂದ ಸಿರುಗುಪ್ಪದಲ್ಲಿ ಬರೆಯುವುದು ಬೇಡ, ಚೀಟಿಗಳ ಫೋಟೋ ಬಳ್ಳಾರಿಗೆ ಬರಲಿ, ಇಲ್ಲೇ ಬರೆದುಕೊಳ್ಳೋಣ. ಅಕ್ಕ ಹಿಂದಿನ ಕೋಣೆಯಲ್ಲಿ ಖಾಲಿ ಚೀಲಗಳ ತೂತು ನೋಡಿಕೊಂಡಿರಲಿ ಎಂದು ನಿರ್ಧಾರವಾಯಿತು. ಓಟಗಾರನನ್ನು ಸಿರುಗುಪ್ಪದ ಯಂತ್ರಕ್ಕೆ ಹಾಕಿ, ಫೋಟೋ ಕಳಿಸುವುದನ್ನು ಅಲ್ಲಿನವರಿಗೆ ಕಲಿಸಿ ಬರಲು ನನ್ನನ್ನೇ ಕಳಿಸಿದರು.

ಬೆಳಗಿನ ಬಸ್ಸಿಗೆ ಹೊರಟೆ. ತೆಕ್ಕಲಕೋಟೆ ದಾಟಿದ ಮೇಲೆ ರಸ್ತೆಯ ಎರಡೂ ಬದಿ ಭತ್ತ ಬಾಗಿ ನಿಂತಿತ್ತು, ಅದರ ನಡುವೆ ಬೆಳ್ಳಕ್ಕಿಗಳು. ಕಿಟಕಿಯ ಗಾಳಿಗೆ ನನಗೆ ಹಾಡುವಷ್ಟು ಖುಷಿ. ಪಕ್ಕದಲ್ಲಿ ಕೂತ ಹೆಂಗಸು ತೆಲುಗಿನಲ್ಲಿ ಏನೋ ಕೇಳಿದಳು, ನಾನು ಕನ್ನಡದಲ್ಲಿ ಉತ್ತರ ಕೊಟ್ಟೆ, ಇಬ್ಬರೂ ಸಿರುಗುಪ್ಪದವರೆಗೆ ಹಾಗೇ ಮಾತಾಡಿಕೊಂಡು ಹೋದೆವು.

ಗೋದಾಮಿನ ಬಾಗಿಲಲ್ಲಿ ಅಕ್ಕನೇ ನಿಂತಿದ್ದಳು. "ಬರ್ರಿ ಮೇಡಂ, ಬಿಸಿಲಾಗ ಬಂದೀರಿ. ಮೊದ್ಲು ಒಂದೀಟು ತಿನ್ರಿ, ಆಮ್ಯಾಲ ಕೆಲ್ಸ" ಎಂದು ಕಾಗದದ ಪೊಟ್ಟಣ ಬಿಚ್ಚಿದಳು. ಬಿಸಿ ಮಂಡಕ್ಕಿ ಒಗ್ಗಾಣಿ, ಮೇಲೆ ಎರಡು ಮಿರ್ಚಿ. ಯಾವಾಗಲೂ ನನ್ನನ್ನು ತಂಗಿ ಎನ್ನುತ್ತಿದ್ದವಳು ಆವತ್ತು ಮೇಡಂ ಎಂದದ್ದು ಮಿರ್ಚಿಗಿಂತ ಖಾರವಾಗಿ ತಾಗಿತು. ತಿನ್ನುತ್ತಾ ಸುತ್ತ ನೋಡಿದೆ. ತಕ್ಕಡಿಯ ಪಕ್ಕ ಅವಳ ಮರದ ಕುರ್ಚಿ, ಅದರ ಮೇಲೆ ಗೋಣಿತಾಟಿನಿಂದ ಅವಳೇ ಹೊಲಿದ ದಿಂಬು. ಆ ಕುರ್ಚಿಯಲ್ಲಿ ಸಾಹುಕಾರರು ಬಂದರೂ ಕೂರುವಂತಿರಲಿಲ್ಲ. "ಎತ್ತರ ತಪ್ಪಿದ್ರ ತಕ್ಕಡಿ ಮುಳ್ಳು ನನಗ ಕಾಣಂಗಿಲ್ಲ" ಎಂದು ಎಬ್ಬಿಸುತ್ತಿದ್ದಳು. ಮೇಜಿನ ಖಾನೆ ಖಾಲಿಯಾಗಿತ್ತು. ಅದರಲ್ಲಿರುತ್ತಿದ್ದ ಸ್ಟೀಲ್ ಲೋಟ, ಬಾಚಣಿಗೆ, ಎಲೆ ಅಡಿಕೆಯ ಡಬ್ಬಿ ಎಲ್ಲ ಒಂದು ಬಟ್ಟೆಯ ಚೀಲ ಸೇರಿ ಗೋಡೆಗೆ ಒರಗಿದ್ದವು.

"ಅಕ್ಕಾ, ಇಷ್ಟ ಲಗೂನ ಯಾಕ ತೆಗದ್ರಿ?" ಎಂದೆ.

"ಹೋಗಾಕ ಹೇಳ್ಯಾರಂದ್ರ ಹೋಗೋದ. ಆದ್ರ ಮೇಡಂ, ಆ ಚೀಲ ಎಲ್ಲಿ ಹೋದ್ವು ಅನ್ನೋದ ತಿಳೀವಲ್ದು. ಎಂಟು ದಿನದಿಂದ ನಾನ ಏಣಿ ಹತ್ತಿ ಎಣಸಾಕತ್ತೀನಿ. ಮೂರು ಸಲ ಎಣಿಸಿದೆ. ನನಗ ಎಲ್ಲಾ ಬರೋಬ್ಬರಿ ಸಿಗತಾವು. ಕಣ್ಣು ಹೋಗ್ಯಾವೇನೋ ನಂವು" ಎಂದಳು.

ನಾನು ಪೊಟ್ಟಣವನ್ನು ಅರ್ಧಕ್ಕೇ ಮಡಚಿದೆ. ಅಷ್ಟರಲ್ಲಿ ದೇಶನೂರಿನಿಂದ ಭತ್ತದ ಲಾರಿ ಬಂತು. ಹೊಸ ಪದ್ಧತಿ ಶುರುವಾಗಲು ಇನ್ನೂ ನಾಲ್ಕು ದಿನವಿತ್ತು, ಆದ್ದರಿಂದ ಅಕ್ಕ ಕನ್ನಡಕ ಏರಿಸಿ ಕುರ್ಚಿಯಲ್ಲಿ ಕೂತಳು. ಹಮಾಲರು ಮೊದಲ ಚೀಲವನ್ನು ತಕ್ಕಡಿಯ ಮೇಲೆ ಇಳಿಸಿದರು. ಅಕ್ಕ ಮುಳ್ಳು ನೋಡಿ ಗಂಟಲೆತ್ತಿ ಕೂಗಿದಳು.

"ಲಾಭ!"

ಹಮಾಲರು "ಲಾಭ" ಎಂದು ದನಿಗೂಡಿಸಿ ಚೀಲವನ್ನು ಒಳಗೆ ಒಯ್ದರು. ಅಕ್ಕನ ಬೆರಳುಗಳು ಕೀಲಿಮಣೆಯ ಮೇಲೆ ಆಡಿದವು. ಮುಂದಿನ ಚೀಲ ಬಂತು. "ಎರಡು!" ಅದರ ಮುಂದಿನದು. "ಮೂರು!" ನಾನು ಕೈಯಲ್ಲಿದ್ದ ಪೊಟ್ಟಣ ಕೆಳಗಿಟ್ಟು ಅವಳ ಹೆಗಲ ಹಿಂದೆ ಹೋಗಿ ನಿಂತೆ. ಪರದೆಯಲ್ಲಿ ಚೀಲದ ನಂಬರಿನ ಜಾಗದಲ್ಲಿ ಮೂರು ಇತ್ತು, ಅದರ ಮೇಲೆ ಎರಡು ಇತ್ತು, ಎರಡರ ಮೇಲೆ ಮುದ್ದಾದ ಕನ್ನಡದಲ್ಲಿ 'ಲಾಭ' ಎಂದಿತ್ತು. ಪಕ್ಕದ ಚೌಕದಲ್ಲಿ ಅದರ ತೂಕವೂ ಇತ್ತು.

"ಅಕ್ಕಾ, ಅಲ್ಲಿ ಮೇಲೆ ಏನು ಬರದ್ರಿ?"

"ಮೊದಲ್ನೇ ಚೀಲ."

"ಒಂದು ಅಂತ ಬರೀಬೇಕಲ್ಲ?"

ಅವಳು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದಳು. "ಕಾಳು ಅಳಿಯೋವಾಗ ಯಾರರ ಒಂದು ಅಂತಾರೇನ್ರಿ? ರೈತ ಬೆಳದು ತಂದಾನ. ಮೊದ್ಲಿಗಿ ಲಾಭ ಅನಬೇಕು, ಆಮ್ಯಾಲ ಎರಡು. ಬಾಯಾಗ ಲಾಭ ಅಂದು ಕೈಯಾಗ ಒಂದು ಅಂತ ಹ್ಯಾಂಗ ಬರೀಲಿ? ನಿಮ್ಮನ್ಯಾಗ ಅನ್ನಾಂಗಿಲ್ಲೇನು?"

ಅನ್ನುತ್ತಿದ್ದೆವು. ನಾನು ಮೋಕ ಎಂಬ ಹಳ್ಳಿಯಲ್ಲಿ ಹುಟ್ಟಿ ಬೆಳೆದವಳು. ಕಣಜದಿಂದ ಜೋಳ ಅಳೆಯುವಾಗ ಅವ್ವ ನನ್ನ ಕೈಗೆ ಸೇರು ಕೊಡುತ್ತಿದ್ದಳು. ನಾನು ಮರೆತು 'ಒಂದು' ಎಂದರೆ ತಲೆಗೊಂದು ಮೊಟಕಿ, ಸುರಿದ ಜೋಳವನ್ನು ಮತ್ತೆ ಕಣಜಕ್ಕೆ ಹಾಕಿಸಿ ಮೊದಲಿನಿಂದ ಅಳೆಸುತ್ತಿದ್ದಳು. ಲಾಭ, ಎರಡು, ಮೂರು. ಸಾಲೆಯಲ್ಲಿ ಕೂಡ ಒಮ್ಮೆ ಮಗ್ಗಿ ಹೇಳುವಾಗ ಲಾಭದಿಂದ ಶುರುಮಾಡಿ ಇಡೀ ತರಗತಿಯನ್ನು ನಗಿಸಿದ್ದೆ. ಅಂಥ ಅವ್ವನ ಮಗಳು ನಾನು, ಗೋದಾಮಿನ ಅಷ್ಟೂ ಲಾಭಗಳನ್ನು ಕಸವೆಂದು ಗುಡಿಸಿ ಹಾಕಿದ್ದೆ.

ಲೋಡು ಮುಗಿದ ಮೇಲೆ ಅಕ್ಕನ ಯಂತ್ರದಲ್ಲೇ ಹಳೆಯ ಕಡತ ತೆರೆದೆ. ಬಳ್ಳಾರಿಯಲ್ಲಿ ವಿಚಿತ್ರ ಗುರುತುಗಳಾಗಿ ಕಂಡದ್ದೆಲ್ಲ ಇಲ್ಲಿ ನೆಟ್ಟಗೆ ಲಾಭ, ಲಾಭ, ಲಾಭ ಎಂದು ನನ್ನನ್ನೇ ನೋಡುತ್ತಿತ್ತು. ಎಷ್ಟು ಲೋಡುಗಳಿದ್ದವೋ ಅಷ್ಟೇ ಲಾಭಗಳು, ನಾನು ಕಾಣೆ ಎಂದು ಬರೆದ ಚೀಲಗಳೂ ಅಷ್ಟೇ. ಗೇಟಿನ ಪಟ್ಟಿಯೊಡನೆ ಹೋಲಿಸಿದೆ. ಒಂದು ಕಾಳಿನ ವ್ಯತ್ಯಾಸವಿಲ್ಲ. ಕುರುಗೋಡಿನ ತಕ್ಕಡಿಯವನಿಗೆ ಫೋನ್ ಹಚ್ಚಿ ನೀವೇನು ಅನ್ನುತ್ತೀರೆಂದು ಕೇಳಿದೆ. "ನಾವೂ ಲಾಭ ಅಂತೀವ್ರಿ. ಆದ್ರ ಈ ಫೋನಿನ್ಯಾಗ ನಂಬರಿನ ಚೌಕ ಒತ್ತಿದ್ರ ಬರೀ ಅಂಕಿ ಬರ್ತಾವು, ಅಕ್ಷರ ಬರಂಗಿಲ್ಲ. ಅದಕ ಒಂದು ಅಂತ ಒತ್ತತೀನಿ" ಎಂದ. ಬಳ್ಳಾರಿಯಲ್ಲಂತೂ ನಂಬರನ್ನು ಯಂತ್ರವೇ ಹಾಕಿಕೊಳ್ಳುತ್ತದೆ. ಬಾಯಲ್ಲಿ ಅಂದದ್ದನ್ನು ಹಾಗೇ ಬರೆಯಲು ಬಿಡುತ್ತಿದ್ದದ್ದು ಸಿರುಗುಪ್ಪದ ಯಂತ್ರ ಒಂದೇ, ಹಾಗೇ ಬರೆದವಳು ಅಕ್ಕ ಒಬ್ಬಳೇ.

ಫೋನ್ ಇಟ್ಟು ಅಕ್ಕನ ಕಡೆ ತಿರುಗಿದೆ. "ಅಕ್ಕಾ, ತಪ್ಪು ನಂದು. ಚೀಲ ಎಲ್ಲೂ ಹೋಗಿಲ್ಲ. ನಿಮ್ಮ ಲಾಭದ ಸಾಲು ನನಗ ಓದಾಕ ಬರಲಿಲ್ಲ, ಕಸ ಅಂತ ತೆಗದು ಒಗದೆ" ಎಂದೆ.

"ಎಲ್ಲೂ ಹೋಗಿಲ್ಲ?"

"ಒಂದೂ ಹೋಗಿಲ್ಲ."

"ನನ್ನ ಕಣ್ಣೂ ಹೋಗಿಲ್ಲ?"

"ನಿಮ್ಮ ಕಣ್ಣಿಗೇನಾಗೈತಿ? ಹೋಗಿದ್ದು ನಂದು."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಅಳುತ್ತಾಳೆಂದು ನಾನು ಹೆದರಿದೆ. ಸೆರಗು ಸರಿಸಿದರೆ ಅವಳು ನಗುತ್ತಿದ್ದಳು, ಕಣ್ಣಲ್ಲಿ ನೀರಿದ್ದರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. "ಲೇ ತಂಗಿ, ನಿನ್ನಿಂದ ನಾ ಈ ವಯಸ್ಸಿನ್ಯಾಗ ಮೂರು ಸಲ ಏಣಿ ಹತ್ತೀನಲ್ಲಲೇ!" ಎಂದು ನನ್ನ ಬೆನ್ನಿಗೆ ಗುದ್ದಿದಳು. ಆ ಗುದ್ದು ಸಾಕಷ್ಟು ನೋಯಿತು. ಆದರೆ ಅವಳು ಮತ್ತೆ ತಂಗಿ ಎಂದಿದ್ದಳು, ಅದಕ್ಕಿಂತ ಹೆಚ್ಚಿನದು ಆ ಹೊತ್ತಿಗೆ ನನಗೆ ಬೇಕಿರಲಿಲ್ಲ.

ಅಲ್ಲಿಂದಲೇ ಸಾಹುಕಾರರಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ, ನಡೆದದ್ದನ್ನು ಮುಚ್ಚುಮರೆ ಇಲ್ಲದೆ ಹೇಳಿದೆ. ಆ ಕಡೆಯಿಂದ ದೊಡ್ಡ ನಗೆ.

"ವರ್ಷದ ಲಾಭಾನೆಲ್ಲಾ ಕಸಬರಗಿಲೆ ಗುಡಿಸಿಬಿಟ್ಯಲ್ಲವ್ವಾ!" ಎಂದರು. ನಗು ಇಳಿದ ಮೇಲೆ ದನಿ ಬದಲಾಯಿತು. "ಅಕ್ಕಾರ ಕುರ್ಚಿ ಎಲ್ಲೈತೋ ಅಲ್ಲೇ ಇರ್ಲಿ. ನಾನೂ ಒಂದು ಮಾತು ಅವರನ್ನ ಕೇಳಬೇಕಿತ್ತು, ಕೇಳಲಿಲ್ಲ. ಇನ್ನ ನೀನು, ಮೊದಲ್ನೇ ಮೇಲ್ ಯಾರ್‍ಯಾರಿಗೆ ಕಳಿಸಿದ್ದೀಯೋ ಅವರೆಲ್ಲಾರಿಗೂ ಎರಡನೇದ್ದು ಕಳಿಸು."

ಅಕ್ಕನ ಮೇಜಿನ ಬಳಿ ನಿಂತೇ ಬರೆದೆ. 'ಸಿರುಗುಪ್ಪದ ನಮೂದುಗಳು ಸಂಪೂರ್ಣ ಸರಿಯಾಗಿವೆ. ತಪ್ಪಿದ್ದು ನನ್ನ ಹೋಲಿಕೆ.' ನನ್ನ ಜನ್ಮದಲ್ಲೇ ಇಷ್ಟು ಕಷ್ಟದ ಮೇಲ್ ಬರೆದವಳಲ್ಲ. ಕಳಿಸಿದ ಮೇಲೆ ಅಕ್ಕ ಬಟ್ಟೆಯ ಚೀಲ ತೆರೆದು ಲೋಟ, ಬಾಚಣಿಗೆ, ಡಬ್ಬಿಯನ್ನು ಒಂದೊಂದಾಗಿ ಖಾನೆಗೆ ಜೋಡಿಸಿದಳು. ನಾನು ತಣ್ಣಗಾದ ಮಿರ್ಚಿ ತಿಂದು ಮುಗಿಸಿದೆ, ಬಹಳ ರುಚಿಯಾಗಿತ್ತು.

ಸಾಫ್ಟ್‌ವೇರು ಯಾವುದೆಂದು ಬೇರೆ ಹೇಳಬೇಕಿಲ್ಲ. ಓಟಗಾರ ನಾನು ಕೊಟ್ಟದ್ದನ್ನು ಪ್ರಶ್ನೆ ಮಾಡದೆ ನುಂಗಿ, ತಪ್ಪನ್ನು ಅಚ್ಚುಕಟ್ಟಾಗಿ ಹಿಂದಿರುಗಿಸಿದವನು. ಹಟಮಾರಿ ಎರಡನೆಯ ಸಾಲಿಗೇ ಕೂತು, ಇದೇನೆಂದು ಹೇಳು ಎಂದು ಕೇಳಿತ್ತು. ನಾನೇ ಅದರ ಬಾಯಿ ಮುಚ್ಚಿಸಿದ್ದೆ. ಬಳ್ಳಾರಿಗೆ ಮರಳಿ ಅದನ್ನು ಮೂಲೆಯಿಂದ ಎಳೆದು ತಂದು, ಎದುರಿಗೆ ಕೂತು ಉತ್ತರ ಹೇಳಿದೆ. ಲಾಭ ಅಂದರೆ ಒಂದು. ಲೆಕ್ಕಕ್ಕೆ ಒಂದೆಂದು ಹಿಡಿ, ವರದಿಯಲ್ಲಿ ಮಾತ್ರ ಲಾಭ ಎಂದೇ ತೋರಿಸು, ಮೂರೂ ಗೋದಾಮಿಗೂ. ಅದು ತಕರಾರಿಲ್ಲದೆ ಒಪ್ಪಿಕೊಂಡಿತು. ಕುರುಗೋಡಿನವನು ಮೊದಲ ವರದಿಯನ್ನು ಫೋನಿನಲ್ಲಿ ನೋಡಿ, "ಈಗ ನೋಡ್ರಿ, ಬಾಯಿಗೂ ಹಾಳಿಗೂ ತಾಳ ಆತು" ಎಂದು ಸಂದೇಶ ಕಳಿಸಿದ.

ಸುಗ್ಗಿ ಜೋರಾಗಿದ್ದಾಗ ಹಟಮಾರಿಯನ್ನು ಅಕ್ಕನ ಯಂತ್ರಕ್ಕೆ ಹಾಕಲು ಮತ್ತೆ ಸಿರುಗುಪ್ಪಕ್ಕೆ ಹೋದೆ. ಗೇಟಿನ ಎಕ್ಸ್‌ಪೋರ್ಟು, ತಕ್ಕಡಿಯ ಎಕ್ಸ್‌ಪೋರ್ಟು ಎರಡನ್ನೂ ಕೊಟ್ಟು ಒತ್ತಿದೆ. ಬೂದು ಪರದೆಯ ಮೇಲೆ 'ವ್ಯತ್ಯಾಸ ಇಲ್ಲ' ಎಂದು ಬಂತು. ವ್ಯತ್ಯಾಸ ಸಿಗದೆ ಹೋದದ್ದಕ್ಕೆ ನಾನು ಸಂತೋಷಪಟ್ಟದ್ದು ಅದೇ ಮೊದಲು. ಅಕ್ಕ ಆ ಹಾಳೆಯನ್ನು ಅಚ್ಚು ಹಾಕಿಸಿ, ಬೆರಳಿಟ್ಟು ಓದಿ, ತಕ್ಕಡಿಯ ಹಿಂದಿನ ಗೋಡೆಗೆ ಅಂಟಿಸಿದಳು.

ಹೊರಗೆ ಲಾರಿಯ ಹಾರ್ನ್ ಕೇಳಿಸಿತು. ದೇಶನೂರಿನದೇ ಲೋಡು. ಅಕ್ಕ ಎದ್ದು ನಿಂತಳು, ಗೋಣಿತಾಟಿನ ದಿಂಬನ್ನು ಎರಡು ಸಲ ತಟ್ಟಿ ಧೂಳು ಕೊಡವಿದಳು.

"ಕುಂದ್ರು ತಂಗಿ. ಈ ಲೋಡು ನೀ ಎಣಿಸು."

"ನಿಮ್ಮ ಕುರ್ಚ್ಯಾಗ?"

"ಮತ್ತೆಲ್ಲಿ? ನಿಂತು ನೋಡಿದ್ರ ಮುಳ್ಳು ಕಾಣಂಗಿಲ್ಲ ಅಂತ ಎಷ್ಟು ಸಲ ಹೇಳಬೇಕು?"

ಕೂತೆ. ಹಮಾಲರು ಮೊದಲ ಚೀಲ ಇಳಿಸಿದರು. ಮುಳ್ಳು ಅಲುಗಾಡಿ ನಿಂತಿತು. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಲಾಭ" ಎಂದೆ.

ಹಿಂದಿನಿಂದ ಅಕ್ಕನ ಕೈ ನನ್ನ ಹೆಗಲ ಮೇಲೆ ಬಂತು. "ಜೋರಾಗಿ ಅನ್ನಲೇ. ಗೇಟಿನವಂಗೂ ಕೇಳಬೇಕು."